ಚಾನೆಲ್ ಎಂಟು

ಗೋಡೆಗೆ ಕಿವಿ ಉಂಟಂತೆ.
ನಮ್ಮ ಕೆಲ್ಯೋನಿನ ಕಡಲಿಗೆ ಹನ್ನೊಂದು ಜೋಡಿ ಕಿವಿ,
ದೋಣಿಗೊಂದು ಜೋಡಿಯಂತೆ,
ಎಲ್ಲವೂ ಹದಿನಾರನೇ ಚಾನೆಲ್ಲಿನ ಮೇಲೆ.

ರೇಡಿಯೊ ಅಂದರೆ ಫೋನಲ್ಲ, ಮೊದಲೇ ಹೇಳಿಬಿಡುತ್ತೇನೆ.
ಗುಂಡಿ ಒತ್ತಿದವನು ಮಾತಾಡಬಹುದು,
ಕೇಳಲಾರ.
ಕೇಳಬೇಕೆಂದರೆ ಬೆರಳು ತೆಗೆಯಬೇಕು.
ಇಷ್ಟನ್ನು ಹದಿನಾಲ್ಕನೇ ವಯಸ್ಸಿನಲ್ಲಿ
ಒಂದೇ ದಿನಕ್ಕೆ ಕಲಿತೆ.
ಕಲಿತೆ ಅಂದುಕೊಂಡಿದ್ದೆ.

ಮಂಗಳವಾರ, ಬೆಳಿಗ್ಗೆ ಆರೂ ಇಪ್ಪತ್ತು.
ನನ್ನ ದೋಣಿಯ ಮೂಗು ನನಗೇ ಕಾಣದಷ್ಟು ಮಂಜು.
ಹವಾಮಾನ ಓದುವವನು ಓದಿ ಮುಗಿಸಿದ ಮೇಲೆ
ಒಂದು ಹೆಣ್ಣುದನಿ:
"ದೋನ್ಯಾ ಎಲ್ಬಾ, ದೋನ್ಯಾ ಎಲ್ಬಾ, ಬಂದರಿನಿಂದ ನಯಾದೆತ್.
ಅಪ್ಪಾ, ನೀನು ಫೋನು ಎತ್ತುತ್ತಿಲ್ಲ."

ಎಲೆಯೊದೋರೊನ ಮಗಳು.
ಕಲ್ಲಿಗಾದರೂ ಪಾಚಿ ಕಟ್ಟೀತು,
ಅವನ ತುಟಿಗೆ ಮಾತು ಕಟ್ಟದು.
ಹೆಂಡತಿ ತೀರಿದ ಮೇಲೆ ದೋಣಿಗೆ ಅವಳ ಹೆಸರಿಟ್ಟ;
ಅಂದಿನಿಂದ ಅವಳನ್ನು ಕೂಗಿ ಕರೆಯುವ ಕೆಲಸ
ನಮ್ಮ ಪಾಲಿಗೆ ಬಂತು.

"ಹೇಳು," ಅಂದ.

"ಭಾನುವಾರ ಊಟಕ್ಕೆ ಮಾರಿಸೆಲ್ ಬರುತ್ತಾಳೆ.
ಬಾಡಿಗೆ ಹಂಚಿಕೊಂಡವಳು ಅಂತಲ್ಲ.
ನನ್ನವಳು ಅಂತ.
ನಿನಗೆ ಗೊತ್ತಿತ್ತು. ಗೊತ್ತಿದೆ ಅಂತ ನನಗೂ ಗೊತ್ತಿತ್ತು.
ಒಂಬತ್ತು ವರ್ಷ ಇಬ್ಬರೂ
ಆಲೂಗಡ್ಡೆ ಬೆಳೆಯ ಬಗ್ಗೆ ಮಾತಾಡಿದೆವು.
ಓವರ್."

ಓವರ್ ಅಂದರೆ ಮುಗಿಯಿತು ಅಂತಲ್ಲ.
ಈಗ ನಿನ್ನ ಸರದಿ ಅಂತ.

ಬಲೆ ಎಳೆಯುತ್ತಿದ್ದ ಕೈಗಳು ನಿಂತವು.
ನನ್ನವು ನಿಂತವು; ಉಳಿದವರದ್ದು ಊಹೆ.

"ಎಂಟಕ್ಕೆ ಬಾ."

ಹದಿನಾರು ಊರ ಹಾದಿ, ಎಂಟು ಒಳಮನೆ.
ಮರ್ಯಾದಸ್ಥರು ಹಾದಿಯಲ್ಲೇ ನಿಲ್ಲಬೇಕಿತ್ತು.
ನಾನು ಎಂಟಕ್ಕೆ ತಿರುಗಿಸಿದೆ.

"ಎಷ್ಟು ವರ್ಷದಿಂದ?"
"ಒಂಬತ್ತು, ಹೇಳಿದೆನಲ್ಲ."
"ಅವಳ ಜೊತೆ ಅಲ್ಲ. ನನಗೆ ಹೇಳಬೇಕು ಅಂತ."

ಕರಕರ ಸದ್ದು. ಆಮೇಲೆ ಸಣ್ಣಗೆ:
"ಹನ್ನೆರಡು ತುಂಬಿದಾಗಿನಿಂದ.
ಬ್ರೆಡ್ಡಿನಂಗಡಿಯಲ್ಲಿ ಯಾರದೋ ಮಗನ ನಡಿಗೆ ನೋಡಿ
ನೀವೆಲ್ಲ ನಕ್ಕಿರಲ್ಲ,
ಅವತ್ತು ಸಂಜೆ ಹೇಳುವವಳಿದ್ದೆ."

ಅವನು ಗುಂಡಿ ಒತ್ತಿದ. ಮಾತಿಲ್ಲ.
ಎಂಜಿನ್ನು, ಒಂದು ಕಡಲಹಕ್ಕಿ, ಒಂದು ಗಂಟಲು.
ಒತ್ತಿಯೇ ಇದ್ದ.
ಅವಳು ಆಡುವಂತಿಲ್ಲ, ಅವನು ಆಡುತ್ತಿಲ್ಲ.
ನಾನು ಕೂಗಿದೆ, ರೇಡಿಯೊಗಲ್ಲ, ಮಂಜಿಗೆ:
ಬೆರಳು ತೆಗಿ ಮಾರಾಯ, ಬೆರಳು!

ಅವತ್ತು ಅಂಗಡಿಯಲ್ಲಿ ನಾನೂ ನಕ್ಕಿದ್ದೆ.
ಎಲ್ಲರಿಗಿಂತ ಜೋರಾಗಿ, ಅನಿಸುತ್ತದೆ.
ನನ್ನ ಬ್ರೌಲಿಯೊ, ಹತ್ತು ವರ್ಷದವನು,
ಬಿಸಿ ಬ್ರೆಡ್ಡಿನ ಚೀಲ ಎದೆಗವುಚಿಕೊಂಡು
ಬಾಗಿಲಲ್ಲಿ ನಿಂತಿದ್ದ.

"ಚಿಪ್ಪುಮೀನು ತಿನ್ನುತ್ತಾಳಾ?"
ಕೊನೆಗೂ ಎಲೆಯೊದೋರೊ.
"ಮೈಮೇಲೆ ದದ್ದು ಏಳುತ್ತದೆ ಅಪ್ಪಾ."
"ಕೆಲ್ಯೋನಿನಲ್ಲಿ ಇದ್ದುಕೊಂಡು?"
"ಹಾಗಾದರೆ ಕೋಳಿ ಮಾಡೋ!"
ಮೂರನೇ ದನಿ. ರೊಸೆಂದೊನದು.
"ಯಾರದು? ಎಂಟರಲ್ಲಿ ಯಾರ್ಯಾರಿದ್ದೀರಿ?"
ಒಂಬತ್ತು ದೋಣಿಗಳು ಉಸಿರು ಬಿಗಿಹಿಡಿದವು.
ಅವಳು ನಕ್ಕಳೋ ಅತ್ತಳೋ,
ರೇಡಿಯೊದಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ.

ಭಾನುವಾರ ಏನಾಯಿತೋ ನನಗೆ ಗೊತ್ತಿಲ್ಲ.
ಅವನು ಹೇಳಲಿಲ್ಲ; ಯಾವತ್ತು ಹೇಳಿದ್ದಾನೆ?
ಸೋಮವಾರ ಅವನ ಮುಂಗೈ ಮೇಲೆ
ಎಣ್ಣೆ ಸಿಡಿದ ಗುರುತು ಕಂಡೆ, ಅಷ್ಟೆ.

ಬ್ರೌಲಿಯೊ ಈಗ ಪುಂತಾ ಅರೇನಾಸಿನಲ್ಲಿದ್ದಾನೆ.
ಹುಟ್ಟುಹಬ್ಬಕ್ಕೆ ಫೋನು ಮಾಡುತ್ತಾನೆ, ನಾನು ಗಾಳಿ ಹೇಗಿದೆ ಅನ್ನುತ್ತೇನೆ,
ಗಾಳಿ ಇದೆ ಅನ್ನುತ್ತಾನೆ.
ಆ ರಾತ್ರಿ ಯಾವ ಹಬ್ಬವೂ ಇಲ್ಲದೆ ನಾನೇ ಕರೆದೆ.
ಡೀಸೆಲ್ ಬೆಲೆ, ನನ್ನ ಮೊಣಕಾಲು, ನಾಯಿಯ ಮರಿಗಳು,
ಆಡಿದೆ, ಆಡಿದೆ, ಆಡುತ್ತಲೇ ಇದ್ದೆ.
ಕೈಯಲ್ಲಿ ಯಾವ ಗುಂಡಿಯೂ ಇರಲಿಲ್ಲ.
ಆದರೂ ಹೆಬ್ಬೆರಳು ಎತ್ತಿದೆ.

"ಅಪ್ಪಾ? ಇದ್ದೀಯಾ?"

ಓವರ್, ಅಂದೆ.